ಕಂಪ್ಯೂಟರಿಗೆ ಹೊದಿಸಿದ ರಗ್ಗು

ನಮ್ಮತ್ತೆ ಮೊನ್ನೆ ನನ್ನ ಕಂಪ್ಯೂಟರಿಗೆ ರಗ್ಗು ಹೊದಿಸಿಬಿಟ್ಟರು!

ನಗಬೇಡಿ. ಅರ್ಧ ತಪ್ಪು ನನ್ನದೇ.

ಅತ್ತೆಯ ತವರು ಕುಣಿಗಲ್. ಕೆರೆ ಏರಿಯ ಪಕ್ಕದಲ್ಲೇ ಮನೆಯಿತ್ತಂತೆ. ಈಗ ತುಮಕೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಪೂರ್ತಿ ಹೋಗುವ ಮುಂಚೆ ಅವರ ಬಾಲ್ಯದ ಕೆರೆಯನ್ನು ಅವರಿಗೊಮ್ಮೆ ತೋರಿಸಬೇಕೆಂದು ನನಗೆ ಆಸೆ. ಅವರು ಹೇಳುತ್ತಾ ಹೋದರು, ನಾನು ಕಂಪ್ಯೂಟರಿನಲ್ಲಿ ಬಿಡಿಸುತ್ತಾ ಹೋದೆ. ತೂಬು, ಬಟ್ಟೆ ಒಗೆಯುವ ಕಲ್ಲು, ನೀರಿನ ಮೇಲೆ ಸುಮ್ಮನೆ ಓಡಾಡುವ ಬೆಳಗಿನ ಗಾಳಿ. (ಗುಬ್ಬಿಯವಳಾದ ನನಗೆ ಆ ಕೆರೆ ಬಸ್ಸಿನ ಕಿಟಕಿಯಿಂದಷ್ಟೇ ಗೊತ್ತು.)

ಒಂದೇ ನಿಮಿಷ ಓಡುವ ಅನಿಮೇಶನ್ ಚಿತ್ರ. ಆದರೆ ಒಂದೊಂದು ಅಲೆಗೂ ಬೆಳಕು ಕೂರಿಸಿ ಮುಗಿಸಲು ನನ್ನ ಹಳೇ ಪ್ರೊಸೆಸರಿಗೆ ಹತ್ತು ದಿನ ಬೇಕಂತೆ. ಅಷ್ಟರಲ್ಲಿ ಕಣ್ಣು ಹೋಗಿಬಿಟ್ಟರೆ? ಭಯವಾಯಿತು.

ಓವರ್‌ಕ್ಲಾಕ್ ಮಾಡಿದೆ. ಅಂದರೆ ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸುವುದು. ನಾನೇನು ಪೆದ್ದಿಯಲ್ಲ. ಮೊದಲು ದೊಡ್ಡ ಫ್ಯಾನ್ ಹಾಕಿದೆ, ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲ ಗಂಟೆಗಟ್ಟಲೆ ಟೆಸ್ಟ್ ಮಾಡಿ, ಟೆಂಪರೇಚರ್ ನೋಡಿಕೊಂಡೇ ಮುಂದೆ ಹೋದೆ. ವೋಲ್ಟೇಜ್ ಮುಟ್ಟಲಿಲ್ಲ. ಬಿಸಿ ಮಿತಿಮೀರಿದರೆ ತಾನಾಗಿಯೇ ಆಫ್ ಆಗುವ ಸೆಟ್ಟಿಂಗನ್ನಂತೂ ಹಾಗೇ ಬಿಟ್ಟೆ. ಇಷ್ಟೆಲ್ಲ ಮಾಡಿದ ಮೇಲೆ ಹತ್ತು ದಿನ ಒಂಬತ್ತಕ್ಕಿಳಿಯಿತು. ಒಂದು ದಿನ ಗೆದ್ದೆನಲ್ಲ!

ಮರುದಿನ ಬೆಳಿಗ್ಗೆ ಗೆಳತಿಯ ಮನೆಗೆಂದು ಕ್ಯಾತ್ಸಂದ್ರಕ್ಕೆ ಹೋದವಳು ಸಂಜೆ ಬಂದರೆ, ಸ್ಕ್ರೀನ್ ಕಪ್ಪಗಿದೆ. ಕ್ಯಾಬಿನೆಟ್ಟಿಗೆ ನಾಲ್ಕೂ ಕಡೆ ಒತ್ತಿ ಹೊದಿಸಿದ ರಗ್ಗು. ನಾನು ಹೊರಟ ಸ್ವಲ್ಪ ಹೊತ್ತಿಗೇ ಬಿಸಿ ತಡೆಯಲಾರದೆ ಮೆಷಿನ್ ಆಫ್ ಆಗಿದೆ. ಗೆದ್ದ ದಿನ ಹೋಯಿತು. ಯಾರನ್ನು ಕೇಳಿ ಹೊದಿಸಿದಿರಿ ಎಂದು ರೇಗಿದೆ.

ಅತ್ತೆ ಮೆಲ್ಲಗೆ ಹೇಳಿದರು: "ಮೈ ಸುಡ್ತಿತ್ತು ಕಣವ್ವ. ಜ್ವರ ಬಂದೋರಂಗೆ ಬುಸುಬುಸು ಅಂತಿತ್ತು. ಗಾಳಿ ಸೋಕ್ಬಾರ್ದು ಅಂತ ಹೊದಿಸ್ದೆ."

ಜ್ವರ ಬಂದರೆ ಬೆಚ್ಚಗೆ ಹೊದಿಸುವ ಮನೆಗಳಲ್ಲವೇ ನಮ್ಮವು? ನನಗೇ ನಾಚಿಕೆಯಾಯಿತು.

ಅದೃಷ್ಟಕ್ಕೆ ಏನೂ ಸುಟ್ಟಿರಲಿಲ್ಲ. ವೇಗವನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಈಗ ಅತ್ತೆ ಊಟವಾದ ಮೇಲೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಸ್ಕ್ರೀನಿನಲ್ಲಿ ಚೌಕ ಚೌಕವಾಗಿ ನೀರು ಮೂಡುತ್ತದೆ. ಒಂದು ಮೂಲೆಯಲ್ಲಿ ಬಿಸಿಲು, ಇನ್ನೊಂದು ಮೂಲೆಯಲ್ಲಿ ಇನ್ನೂ ಏನೂ ಇಲ್ಲ. ನೋಡುತ್ತಾ ನೋಡುತ್ತಾ ನಮ್ಮಿಬ್ಬರಿಗೂ ಮಂಪರು.

ಇನ್ನೂ ಎಷ್ಟೋ ದಿನ ಆಗುತ್ತದೆ ಅತ್ತೆ, ಎಂದು ನಿನ್ನೆ ಪೇಚಾಡಿದೆ.

"ನಿಧಾನ್ಕೆ ಬರ್ಲಿ ಬುಡವ್ವ," ಅಂದರು. "ನಾನ್ ಕಂಡಿರೋದ್ನೇ ಅಲ್ವಾ ನೀನು ಬರೀತಿರೋದು?"

ಹಾಗಾದರೆ ಇಷ್ಟು ದಿನ ಅವಸರವಿದ್ದದ್ದು ಯಾರಿಗೆ?