ಒಂದು ಮೊರ ತೌಡು

ಸರ್ರ್... ಮೊರದಿಂದ ಮೊರಕ್ಕೆ ತೌಡು ಜಾರುವ ಸದ್ದನ್ನು ನೀವು ಕೇಳಿದ್ದೀರಾ? ಹೊಸ ಸೀರೆಯುಟ್ಟ ಹೆಂಗಸೊಬ್ಬಳು ಪಕ್ಕದ ಕೋಣೆಯಲ್ಲಿ ಹಾದುಹೋದಂತಿರುತ್ತದೆ. ಅರವತ್ತು ವರ್ಷಗಳಿಂದ ಅದು ನನ್ನ ಕಿವಿಯಲ್ಲಿದೆ. ಇಂದು ಬೆಳಿಗ್ಗೆ, ಡಾಕ್ಟರ್ ತಿನ್ನಲು ಹೇಳಿದ ‘ಬ್ರ್ಯಾನ್’ ಅನ್ನು ಬಟ್ಟಲಿಗೆ ಸುರಿದುಕೊಂಡಾಗ ಮತ್ತೆ ಕೇಳಿಸಿತು. ದನಕ್ಕೆ ಹಾಕುತ್ತಿದ್ದುದನ್ನು ಪ್ಯಾಕೆಟ್ಟಿನಲ್ಲಿ ತಂದು ತಿನ್ನುವ ಕಾಲ ಬಂತಲ್ಲ ಎಂದು ನಗುವಷ್ಟರಲ್ಲಿ ಫೋನು ಟಿಣ್ ಎಂದಿತು. ನನ್ನ ಚಿಗವ್ವನ ಮಗಳು ತಿಪ್ಪವ್ವ ಮತ್ತೊಮ್ಮೆ ಅಜ್ಜಿಯಾಗಿದ್ದಾಳೆ. ಮೊಮ್ಮಗುವಿನ ಫೋಟೊ, ಅದರ ಕೆಳಗೆ ಸಾಲು ಸಾಲು ‘ಸೋ ಬ್ಯೂಟಿಫುಲ್’, ‘ಕಂಗ್ರಾಟ್ಸ್’. ನಾನೂ ಬರೆಯಹೋದೆ. ಹೆಬ್ಬೆರಳು ಅಲ್ಲೇ ನಿಂತಿತು.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಊರು ಆಗ ವಿಜಾಪುರ. ರೈಲು ಹೋದರೆ ತಾಟುಗಳು ಗಲಗಲ ಎನ್ನುವ ಇಬ್ರಾಹಿಂಪುರದ ಮನೆ ನಮ್ಮದು. ಅಪ್ಪನ ಸಂಬಳ ಸಣ್ಣದು, ಹಂಬಲ ದೊಡ್ಡದು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಸಿಸ್ಟರ್ ಒಬ್ಬರು ‘ಮ್ಯಾನರ್ಸ್’ ಕಲಿಸುತ್ತಿದ್ದರು. ಒಳ್ಳೆಯ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವವರು ಜಿಪುಣರು ಎಂಬುದು ಅವರ ಪಾಠ. ನಾನು ವಿಪರೀತ ಒಬೀಡಿಯಂಟ್. ನೀರು ಸೇದಿ ಕೊಟ್ಟವರಿಗೆ ಥ್ಯಾಂಕ್ಯೂ, ರೊಟ್ಟಿ ಬಡಿಸಿದ ಅವ್ವನಿಗೂ ಥ್ಯಾಂಕ್ಯೂ. “ನಾ ಏನ ಹೊರಗಿನಾಕೇನ?” ಎಂದು ಅವ್ವ ತಲೆಗೆ ಮೊಟಕುತ್ತಿದ್ದಳು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಟಿಕೋಟಾದ ಚಿಗವ್ವನಿಗೆ ಹೆಣ್ಣು ಹುಟ್ಟಿತು. ಅದಕ್ಕೆ ಮುಂಚಿನ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ರಟ್ಟಿನ ಮೇಲೆ ಗುಲಾಬಿ ಬರೆದು, ಬಣ್ಣ ತುಂಬಿ, ನಾನೇ ಒಂದು ಗ್ರೀಟಿಂಗ್ ಕಾರ್ಡ್ ಮಾಡಿಕೊಂಡು ಅವ್ವನ ಜೊತೆ ಬಸ್ಸು ಹತ್ತಿದೆ.

ಅಲ್ಲಿ ಕೇಳಿದ ಮಾತುಗಳಿಗೆ ನಾನು ಬೆಚ್ಚಿಬಿದ್ದೆ. ಬಂದ ಹೆಂಗಸರೆಲ್ಲ ಕೂಸನ್ನು ಬಯ್ಯುತ್ತಿದ್ದಾರೆ!

“ಕಪ್ಪಿ ಮರಿ ಹಂಗ ಐತಿ. ವಟಗುಟ್ಟೂದೊಂದ ಬಾಕಿ.”

“ಮೂಗರ ಎಲ್ಲೈತಿ ಬೇ? ಹುಡುಕಬೇಕ ಇದರ ಮೂಗ.”

ಹೆಸರೂ ಎಂಥದ್ದು, ತಿಪ್ಪವ್ವ! ತಿಪ್ಪೆಯ ಮೇಲೆ ಒಂದು ಕ್ಷಣ ಮಲಗಿಸಿ ತಂದಿದ್ದರಂತೆ. ಚಿಗವ್ವ ತಲೆ ಬಗ್ಗಿಸಿ ಕುಳಿತಿದ್ದಳು. ಅವಮಾನದಿಂದ ಎಂದು ನಾನು ತಿಳಿದೆ. ಇಷ್ಟು ಮಂದಿಯಲ್ಲಿ ಮ್ಯಾನರ್ಸ್ ಬಲ್ಲವಳು ನಾನೊಬ್ಬಳೇ ತಾನೆ? ಎದ್ದು ನಿಂತು ಕಾರ್ಡ್ ಓದಿದೆ, ಇಂಗ್ಲಿಷಿನಲ್ಲಿ. ಯಾರಿಗೂ ತಿಳಿಯದೆ ಹೋದೀತೆಂದು ಕನ್ನಡದಲ್ಲೂ ಹೇಳಿದೆ: “ಚಿಗವ್ವ, ಅಭಿನಂದನೆಗಳು. ಇಷ್ಟು ಚೆಂದದ, ಇಷ್ಟು ದುಂಡಗಿನ ಕೂಸನ್ನು ನಾನು ಎಲ್ಲೂ ನೋಡಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತೊಟ್ಟಿಲು ತೂಗುತ್ತಿದ್ದ ಕೈ ನಿಂತಿತು. ಚಿಗವ್ವನ ಅತ್ತೆ, ನಾವೆಲ್ಲ ಬಬಲೇಶ್ವರದ ಅಜ್ಜಿ ಎನ್ನುತ್ತಿದ್ದವರು, ಉಪ್ಪು ತರಲು ಒಳಗೆ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಕೂಸಿನ ಮೈ ಕಾದ ಹಂಚಾಯಿತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಉಪ್ಪು ಇಳಿಸಿದರು, ಮೆಣಸಿನಕಾಯಿ ಇಳಿಸಿದರು. ಬೆಂಕಿಗೆ ಹಾಕಿದ ಮೆಣಸಿನಕಾಯಿಯ ಘಾಟು ಏಳಲಿಲ್ಲ. ದೃಷ್ಟಿ ತಾಗಿದೆ ಎನ್ನಲು ಅವರಿಗೆ ಅಷ್ಟೇ ಸಾಕಾಯಿತು.

“ಸಾಲಿ ಕಲಿಸೀರಿ, ನಾಲಿಗಿ ಕಟ್ಟೂದ ಕಲಿಸಲಿಲ್ಲೇನ್ರಿ?” ಅಜ್ಜಿ ನನ್ನ ಅವ್ವನ ಮೇಲೆ ಹರಿಹಾಯ್ದರು. “ಈ ಕೂಸಿಗೆ ಏನರ ಆದ್ರ ನಿಮ್ಮ ಮಗಳ ಮಾರಿ ಈ ಮನಿ ಬಾಗಲಾ ಕಾಣಬಾರದು.”

ಬೈಗಳನ್ನಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ನನ್ನನ್ನು ಕಂಡರೆ ಜೀವ ಬಿಡುತ್ತಿದ್ದ ಚಿಗವ್ವ, ನಾನು ಹತ್ತಿರ ಹೋದೊಡನೆ ಕೂಸಿನ ಮುಖದ ಮೇಲೆ ಸೆರಗು ಮುಚ್ಚಿದಳು. ನಾನು ಜೋಳದ ಚೀಲಗಳ ಹಿಂದೆ ಹೋಗಿ ಕುಳಿತೆ. ಕೂಸಿನ ಉಸಿರನ್ನು ಅಲ್ಲಿಂದಲೇ ಎಣಿಸಿದೆ. ನಡುವೆ ಸ್ವಲ್ಪ ತಡವಾದರೆ ನನ್ನ ಉಸಿರೂ ನಿಲ್ಲುತ್ತಿತ್ತು. ನಾನು ಒಂದು ಕೂಸನ್ನು ಕೊಂದೆ ಎಂದೇ ನಂಬಿದ್ದೆ.

ಹೊತ್ತು ಇಳಿಯುವಾಗ ಪಕ್ಕದ ಮನೆಯ ಮಾಬೂಬಿ ಬಂದಳು. ಗಂಡ ಅರಳೆ ಹಿಂಜುತ್ತಿದ್ದ, ಇವಳು ಗಾದಿ ಹೊಲಿಯುತ್ತಿದ್ದಳು. ಆ ತೊಟ್ಟಿಲಿನ ಪುಟ್ಟ ಗಾದಿಯೂ ಅವಳದೇ ಕೈಯದು. ಬಗಲಲ್ಲಿ ಒಂದು ಮೊರ, ಮೊರದ ತುಂಬ ತೌಡು.

“ಕೂಸ ಮಾರ್ತೀರೇನ್ರಿ ಯವ್ವಾ?” ಎಂದಳು ಅಜ್ಜಿಗೆ, ಬದನೆಕಾಯಿ ಕೇಳಿದಷ್ಟು ಸಲೀಸಾಗಿ.

ಅಜ್ಜಿ ಅವಳನ್ನೇ ದಿಟ್ಟಿಸಿದರು. ಆಮೇಲೆ ಎದ್ದು ಮನೆಯ ಮೊರ ತಂದು ಮುಂದೆ ಹಿಡಿದರು. ಸರ್ರ್ ಎಂದು ತೌಡು ಜಾರಿತು. ಚಿಗವ್ವ ಕೂಸನ್ನು ಎತ್ತಿಕೊಟ್ಟಳು.

“ಈಗ ಹೇಳ್ರಿ, ಇದು ಯಾರ ಕೂಸು?”

“ನಿಂದ ಬೇ,” ಎಂದರು ಅಜ್ಜಿ.

“ಆ ಸಾಲಿ ಹುಡುಗಿ ಹೊಗಳಿದ್ದು ನಿಮ್ಮ ಸೊಸಿ ಕೂಸಿಗೆ. ಅದು ಈ ಮನ್ಯಾಗ ಇಲ್ಲ. ದೃಷ್ಟಿ ಹುಡುಕ್ಕೋತ ಹೋಗಲಿ. ನೀರ ತರ್ರಿ, ನನ್ನ ಮಗಳಿಗೆ ಮೈ ಒರಸ್ತೇನಿ.”

ಒದ್ದೆ ಬಟ್ಟೆಯಿಂದ ಮೈ ಒರೆಸಿದಳು, ಒರೆಸುತ್ತಲೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ಕೂಸು ಹಾಲು ಕುಡಿಯಿತು. ತೌಡು ಉಳಿಸಿತೋ, ತಣ್ಣೀರು ಉಳಿಸಿತೋ, ಇಷ್ಟು ಓದಿದ ಮೇಲೂ ನನಗೆ ಗೊತ್ತಿಲ್ಲ. ನಾನು ಚೀಲಗಳ ಹಿಂದಿನಿಂದ ಓಡಿಬಂದು ಅವಳ ಸೆರಗು ಹಿಡಿದು “ಥ್ಯಾಂಕ್...” ಎಂದೆ. ಅರಳೆಯ ವಾಸನೆಯ ಅಂಗೈ ನನ್ನ ಬಾಯಿ ಮುಚ್ಚಿತು.

“ನನ್ನ ಕೂಸಿಗೆ ನಾ ಮಾಡೀನಿ. ನೀ ಯಾಕ ಉಪಕಾರ ಅಂತೀದಿ? ನೀವು ಅಂದ್ರ ಇದು ನಿಮ್ಮದ ಅಂದಂಗ ಆತು. ಇಕಿ ಲಗ್ನ ಆಗೂತನಕ ಯಾರೂ ಅನ್ನಂಗಿಲ್ಲ.”

ಹಾಗೆ ಚಿಗವ್ವನ ಬಾಯಿಯೂ ಕಟ್ಟಿತು. ಜಗತ್ತಿನಲ್ಲಿ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಋಣಿಯೋ, ಅವಳಿಗೆ ಒಂದು ಮಾತು ಹೇಳುವಂತಿಲ್ಲ. ದಿನಾ ಬೆಳಿಗ್ಗೆ ಚಿಗವ್ವ ಗೋಡೆಯಾಚೆಯ ಮಾಬೂಬಿಗೆ ಕೂಗುತ್ತಿದ್ದಳು: “ಬೂಬವ್ವಾ, ನಿನ್ನ ಮಗಳ ಕಾಟ ಸಾಕಾಗೇತಿ, ಕರಕೊಂಡ ಹೋಗ!” ಅದು ದೂರಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾದವು.

ಅರವತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸದರಲ್ಲಿ, ಟಿಕೋಟಾಕ್ಕೆ ಹೋದೆ. ಮಾಬೂಬಿ ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಕೆಮ್ಮು ಬಿಟ್ಟಿರಲಿಲ್ಲ. ಪಕ್ಕದಲ್ಲಿ ತಿಪ್ಪವ್ವ ಅವಳ ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಜಡೆ, ಹೊಳೆಯುವ ಕಣ್ಣು, ನೋಡಿದರೆ ನೋಡುತ್ತಲೇ ಇರಬೇಕು. ಈ ಹುಡುಗಿಯ ಲಗ್ನದವರೆಗೆ ಮುದುಕಿ ಉಳಿಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಈಗ ಹೇಳದಿದ್ದರೆ ಇನ್ನು ಯಾವಾಗ? ಹತ್ತು ವರ್ಷದ ಥ್ಯಾಂಕ್ಯೂ ಗಂಟಲಿಗೆ ಬಂದು ನಿಂತಿತು. ನುಂಗಿದೆ.

“ಏನ ಬೂಬವ್ವ,” ಎಂದೆ, “ನಿನ್ನ ಮಗಳು ಒಣಗಿದ ಬೆಂಡಿಕಾಯಿ ಹಂಗ ಆಗ್ಯಾಳಲ್ಲ! ಕೂಳ ಹಾಕ್ತೀಯೋ ಇಲ್ಲೋ?”

ತಿಪ್ಪವ್ವ ಮುಖ ಉಬ್ಬಿಸಿದಳು. ಮಾಬೂಬಿ ನನ್ನ ದನಿ ಬಂದ ಕಡೆಗೆ ಮುಖವೆತ್ತಿ, ಕೆಮ್ಮು ಬರುವತನಕ ನಕ್ಕಳು. ಕೈಚಾಚಿ ನನ್ನ ಗಲ್ಲ ಹುಡುಕಿ ಸವರಿದಳು.

“ಈಗ ಕಲತಿ ನೋಡವ್ವ ಸಾಲಿ,” ಎಂದಳು.

ನಾನು ಅವಳನ್ನು ಕಂಡದ್ದು ಅದೇ ಕೊನೆ.

ಬಟ್ಟಲಿನ ತೌಡು ಹಾಲಿನಲ್ಲಿ ಮೆತ್ತಗಾಗಿದೆ. ಫೋನು ಮತ್ತೆ ಟಿಣ್ ಎನ್ನುತ್ತಿದೆ. ಸಾಲು ಸಾಲು ಬ್ಯೂಟಿಫುಲ್‌ಗಳ ಕೆಳಗೆ ನಾನು ನಿಧಾನವಾಗಿ ಬರೆದೆ: ‘ಕಪ್ಪಿ ಮರಿ ಹಂಗ ಐತಿ.’