ಟೀಚರ್ ಸನ್ಮಾನಕ್ಕ ಕಿತ್ತ ಖೋ-ಖೋ ಕಂಬ

ಕೇಳ್ರೆಪಾ ದೋಸ್ತರ, ಇವತ್ತ ಸಿಂದಗ್ಯಾಗ ಹಸೀನಾ ಟೀಚರಿಗಿ ಸನ್ಮಾನ ಮಾಡಿದ್ವಿ. ನಮ್ಮ ಕಡೆ ಹುಡುಗ್ಯಾರು ಖೋ-ಖೋ ಆಡಾಕ ಸುರು ಮಾಡಿದ್ದ ಇವರಿಂದ. ಮನಿ ಮನಿಗಿ ಹೋಗಿ, ಅಪ್ಪಗೋಳ ಜೋಡಿ ಜಗಳಾಡಿ ಕರ್ಕೊಂಡ ಬಂದವರು. ರಿಟೈರ್ ಆದ್ರೂ ದಿನಾ ಮುಂಜಾನಿ ಸಾಲಿ ಮೈದಾನದಾಗ ಆಟ ಕಲಸ್ತಾರ.

ನಾವು ಸನ್ಮಾನ ಕಮಿಟಿಯವರು ಪೆಂಡಾಲನೂ ಅಲ್ಲೇ ಹಾಕಿಸಿದ್ವಿ. ಖೋ-ಖೋ ಕಂಬ ಒಂದು ಸ್ಟೇಜಿಗಿ ಅಡ್ಡ ಬರ್ತೈತಿ ಅಂತ ಕಿತ್ತಿಸಿದ್ವಿ. ಟೀಚರ್ ಬಂದವರು ಕುರ್ಚಿ ಮ್ಯಾಲ ಕುಂಡ್ರಲೇ ಇಲ್ಲ.

"ಕಂಬ ಎಲ್ಲೆಪಾ?" ಅಂದ್ರು.

"ಪೆಂಡಾಲದವ ತಗದಿಟ್ಟಾನ್ರಿ. ಸಂಜಿಗಿ ಹುಗಿಸ್ತೇನಿ," ಅಂದೆ.

"ನಾಳಿ ಹುಡುಗ್ಯಾರು ಬರ್ತಾರ. ಮುಂದಿನ ವಾರ ಮ್ಯಾಚ್ ಐತಿ. ಕಂಬ ಇಲ್ದ ಅವರು ಓಡಿ ಬಂದು ಎಲ್ಲಿ ತಿರುಗಿ ಹೊಳ್ಳೂದು?"

ನಮ್ಮ ಅಧ್ಯಕ್ಷರು ನಕ್ಕರು. "ಇವತ್ತರ ಆರಾಮ ಕುಂಡ್ರಿ ಟೀಚರ," ಅಂದ್ರು.

ಶಾಲು, ಹಾರ, ಭಾಷಣ, ಫೋಟೋ ಎಲ್ಲಾ ಮುಗೀತು. ಟೀಚರ್ ಮನಿಗಿ ಹೋದ್ರು. ಸಂಜಿಗಿ ಹೋಗಿ ನೋಡ್ತೇನಿ, ಪೆಂಡಾಲೂ ಇಲ್ಲ, ಕಂಬೂ ಇಲ್ಲ. ಪೆಂಡಾಲದವಗ ಫೋನ್ ಹಚ್ಚಿದೆ.

"ನಮ್ಮ ಬಂಬು ಜೋಡಿ ಕೂಡಿ ಬಂದೈತಿ ಅಣ್ಣಾರ. ಗಾಡಿ ಹೊರ್ತಿ ಊರಿಗಿ ಬಂತು. ನಾಳಿ ಇಲ್ಲಿ ಲಗ್ನ ಐತಿ, ಅದನ್ನೂ ಪೆಂಡಾಲಕ್ಕ ನಿಲ್ಲಿಸಿಬಿಟ್ಟೇವಿ. ಲಗ್ನ ಮುಗೀಲಿ, ತಂದ ಕೊಡ್ತೇನಿ."

ಈಗ ಟೀಚರಿಗಿ ಇದನ್ನ ಹೇಳಬೇಕು. ಹೆಂಗ ಸುರು ಮಾಡ್ಲಿ ತಿಳಿವಲ್ದು. ಮುಂಜಾನಿ ಶಾಲು ಹೊದಸಾಕ ಸ್ಟೇಜ್ ತುಂಬ ಮಂದಿ ನೂಕಾಡಿದ್ರು. ಈ ಫೋನ್ ಮಾಡಾಕ ನಾ ಒಬ್ಬನ ಉಳದೇನಿ ನೋಡ್ರಿ.