ಫಿನಾಯಿಲ್ ಹಾಕಿ ತೊಳೆದ ಅಂಗಳ

ಗಂಡುಕುದುರೆ ಹಗ್ಗ ಕಿತ್ತುಕೊಂಡು ಕಾಡುಗೋಡಿ ಸ್ಟೇಷನ್ ರಸ್ತೆಗೆ ನುಗ್ಗಬಹುದು. ಹೆಣ್ಣುಕುದುರೆ ಒದ್ದು ಅದರ ಕಾಲು ಮುರಿಯಬಹುದು, ಅದರದ್ದಲ್ಲದಿದ್ದರೆ ನನ್ನದು. ಎದುರು ಅಪಾರ್ಟ್‌ಮೆಂಟಿನ ಜನ ಮಕ್ಕಳ ಕಣ್ಣು ಮುಚ್ಚಿ ಪೊಲೀಸರಿಗೆ ಫೋನ್ ಮಾಡಬಹುದು. ಕೂಡಿಸುವಾಗ ಹೆಣ್ಣಿಗೆ ನಂಜಾಗಬಹುದು. ಎರಡು ದಿನದಿಂದ ಇದನ್ನೇ ಮೆಲುಕು ಹಾಕುತ್ತಿದ್ದೆ. ಹೆಣ್ಣುಕುದುರೆ ನನ್ನದಲ್ಲ, ಮನೆ ಓನರದ್ದು ಎಂಬುದು ನನ್ನ ಚಿಂತೆಗೆ ಅಡ್ಡ ಬರಲಿಲ್ಲ.

ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ಓನರ ಬಳಿ ಉಳಿದಿದ್ದ ಪ್ರಾಣಿ ಅದೊಂದೇ, ಮದುವೆ ಮೆರವಣಿಗೆಗಳಿಗೆ ಹೋಗುತ್ತಿದ್ದ ಬಿಳಿ ಕುದುರೆ. "ವಯಸ್ಸಾಯ್ತು ಸಾರ್ ಇದುಕ್ಕೆ. ಈ ಸಲ ಗಬ್ಬ ನಿಲ್ದಿದ್ರೆ ಇನ್ ಮರಿ ಕಾಣಲ್ಲ ನಾನು," ಅಂದಿದ್ದರು. ಅವರಿಗೆ ಸೊಂಟನೋವು. ದಿನವೂ ಬೆಲ್ಲ ತಿನ್ನಿಸಿ ಸಲಿಗೆ ಬೆಳೆಸಿಕೊಂಡಿದ್ದ ನಾನೇ ಹಗ್ಗ ಹಿಡಿಯಬೇಕಾಯಿತು.

ಬೆಳಗ್ಗೆ ಆಫೀಸಿನ ಪ್ಯಾಂಟಿನಲ್ಲೇ ಇಳಿದುಬಂದೆ. ಬೆದೆಗೆ ಬಂದಿದ್ದ ಕುದುರೆ ಉಚ್ಚೆ ಹೊಯ್ದು ನನ್ನ ಮೊಣಕಾಲಿನ ಕೆಳಗೆಲ್ಲ ತೋಯಿಸಿತು. ನಂಜಿನ ಭಯಕ್ಕೆ ಅಂಗಳವನ್ನು ಫಿನಾಯಿಲ್ ಹಾಕಿ ತೊಳೆದೆ, ಕುದುರೆಯ ಬಾಲಕ್ಕೆ ಸೋಪು ಹಚ್ಚಿದೆ. ಬಟ್ಟೆ ಬದಲಿಸಲು ಹೊರಡುವಷ್ಟರಲ್ಲಿ ಹೊಸೂರು ಕಡೆಯಿಂದ ಗಂಡುಕುದುರೆಯ ಟೆಂಪೊ ಬಂತು.

ಗಂಡುಕುದುರೆ ಒಮ್ಮೆ ಮೂಸಿತು, ಸೀನಿತು, ಮುಖ ತಿರುಗಿಸಿಕೊಂಡಿತು.

ಅದನ್ನು ತಂದಿದ್ದ ಮುದುಕರು ನನ್ನತ್ತ ನೋಡಿದರು. "ಏನ್ರೀ ಇದು, ಹೆರಿಗೆ ಆಸ್ಪತ್ರೆ ಮಾಡಿಟ್ಟಿದೀರ? ವಾಸ್ನೆ ಸಿಗ್ದೆ ಇದುಕ್ಕೆ ಹೆಂಗ್ ಗೊತ್ತಾಗ್ಬೇಕು?"

ಓನರ್ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಆಗ ಗಂಡುಕುದುರೆಯ ಕತ್ತು ನಿಧಾನವಾಗಿ ನನ್ನ ಪ್ಯಾಂಟಿನತ್ತ ಬಂತು. ಮೂಸಿ, ತಲೆ ಎತ್ತಿ, ಮೇಲ್ದುಟಿ ಸುರುಳಿ ಮಾಡಿ, ಅರೆಗಣ್ಣು ಮುಚ್ಚಿ ನಿಂತಿತು, ಬಹಳ ದೂರದಿಂದ ಬಂದ ಕಾಗದವನ್ನು ಗಾಳಿಯಲ್ಲಿ ಓದುವ ಹಾಗೆ. ರಸ್ತೆಯ ಹಾರನ್‌ಗಳೆಲ್ಲ ಯಾವುದೋ ಬೇರೆ ಊರಿನವೆನಿಸಿದವು. ನಾನೂ ಉಸಿರು ಹಿಡಿದಿದ್ದೆ.

"ಈಗ ನೀವೇ ಮದುಮಗಳು ಸಾರ್," ಎಂದರು ಮುದುಕರು, "ಮೆತ್ತಗೆ ಹೆಣ್ಣಿನ್ ಹತ್ರ ನಡೀರಿ."

ನಡೆದೆ. ಕತ್ತಿನ ಹಿಂದೆ ಬೆಚ್ಚನೆಯ ಉಸಿರು ಜೊತೆಗೇ ಬಂತು. ಬಿಳಿ ಕುದುರೆ ಬಾಲ ಸರಿಸಿ ಅಲುಗದೆ ನಿಂತಿತು, ಇದೆಲ್ಲ ಅದಕ್ಕೆ ಮೊದಲೇ ಗೊತ್ತಿತ್ತೆಂಬಂತೆ. ನಾನು ಹಗ್ಗ ಹಿಡಿದು ಮೋಡ ನೋಡಿದೆ.

ಹನ್ನೊಂದು ತಿಂಗಳಿಗೆ ಕಂದು ಮರಿ ಹುಟ್ಟಿತು. ಓನರ್ ಸೊಂಟನೋವು ಮರೆತು ನೆಲಕ್ಕೆ ಕುಳಿತು ಅದರ ಮೈ ಒರೆಸಿದರು.

ಗಂಡುಕುದುರೆ ಬಂದ ಆ ಬೆಳಗ್ಗೆ ಕೆಟ್ಟಿದ್ದು ಇಷ್ಟೇ: ಹೊತ್ತಾಯಿತೆಂದು ಅದೇ ಪ್ಯಾಂಟಿನಲ್ಲಿ ಆಫೀಸ್ ಬಸ್ ಹತ್ತಿದೆ. ಎಲೆಕ್ಟ್ರಾನಿಕ್ ಸಿಟಿವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.